ಆಲ್ಬಮ್ಮಿನಲ್ಲಿ ಕಾಣದ ಶ್ರಾವಕರ ಮನೆ

ಮನೆಯ ಹಿರಿಯ ಶ್ರಾವಿಕೆಯೊಬ್ಬರು ತುಂಬು ವಯಸ್ಸಿನಲ್ಲಿ, ಮಕ್ಕಳು ಮೊಮ್ಮಕ್ಕಳು ಕಿವಿಯ ಬಳಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಿರುವಾಗಲೇ ಇಹದ ಯಾತ್ರೆಯನ್ನು ಮುಗಿಸುತ್ತಾರೆ. ಮರುದಿನದ ಪತ್ರಿಕೆಗೆ ಕೊಡಲು, ಗೋಡೆಯ ಮೇಲೆ ತೂಗುಹಾಕಲು ಒಂದು ಭಾವಚಿತ್ರ ಬೇಕಾಗುತ್ತದೆ. ಆಗ ಹುಡುಕಾಟ ಆರಂಭವಾಗುತ್ತದೆ. ಬೀರುವಿನ ಮೇಲಿನ ಆಲ್ಬಮ್ಮುಗಳು ಕೆಳಗಿಳಿಯುತ್ತವೆ, ಕಬ್ಬಿಣದ ಪೆಟ್ಟಿಗೆಗಳು ತೆರೆದುಕೊಳ್ಳುತ್ತವೆ. ಹಿರಿಯ ಮಗನ ಮದುವೆಯ ಆಲ್ಬಮ್ಮಿನಲ್ಲಿ ಆ ತಾಯಿ ಇದ್ದಾರೆ. ಆದರೆ ಮೂರನೆಯ ಸಾಲಿನಲ್ಲಿ, ಯಾರದೋ ಪೇಟದ ಹಿಂದೆ, ಅರ್ಧ ಮುಖ ಮಾತ್ರ. ಊರ ಬಸದಿಯ ಪಂಚಕಲ್ಯಾಣದ ಚಿತ್ರಗಳಲ್ಲಿಯೂ ಇದ್ದಾರೆ, ಕಾಣುವುದು ಬೆನ್ನು. ಕೊನೆಗೆ ಕೈಗೆ ಸಿಗುವುದು ಮತದಾರರ ಗುರುತಿನ ಚೀಟಿ. ಅದರಲ್ಲಿರುವ ಉಗುರಿನಷ್ಟು ಮುಖವನ್ನು ಸ್ಟುಡಿಯೋದವನು ದೊಡ್ಡದು ಮಾಡಿ, ಮಸುಕಾದ ಕಣ್ಣುಗಳನ್ನು ತಿದ್ದಿ, ಹಿಂದೆ ನೀಲಿ ಬಣ್ಣ ತುಂಬಿ, ಅವರು ಎಂದೂ ಉಡದ ಬಣ್ಣದ ಸೀರೆಯನ್ನು ಉಡಿಸಿ ಕೊಡುತ್ತಾನೆ. ಮೊಮ್ಮಕ್ಕಳಿಗೆ ಮುಂದೆ ಅಜ್ಜಿಯೆಂದರೆ ಆ ಚಿತ್ರವೇ. ಇಂಥ ಮನೆ ಊರಿಗೊಂದಲ್ಲ, ಹತ್ತು ಸಿಕ್ಕುತ್ತವೆ.

ಭಾರತದಲ್ಲಿ ಮತದಾರರ ಭಾವಚಿತ್ರವುಳ್ಳ ಗುರುತಿನ ಚೀಟಿ ಬಂದದ್ದು 1993ರಲ್ಲಿ. ಅರುವತ್ತು ವರ್ಷ ಒಂದು ಮನೆಯ ಒಲೆಯನ್ನೂ ವ್ರತವನ್ನೂ ನಡೆಸಿದ ಹೆಣ್ಣುಮಗಳ ಒಂಟಿ ಭಾವಚಿತ್ರವೊಂದನ್ನು ತೆಗೆಸಲು ಸರಕಾರಿ ಆದೇಶವೇ ಬರಬೇಕಾಯಿತೆಂದರೆ, ಆ ಮನೆಯವರು ತಮ್ಮ ಕಪಾಟಿನಲ್ಲಿರುವ ಹನ್ನೆರಡು ಆಲ್ಬಮ್ಮುಗಳ ಬಗ್ಗೆ ಹೆಮ್ಮೆಪಡುವುದಕ್ಕೆ ಕಾರಣವೇನಿದೆ?

ಓದುಗರು ತಮ್ಮ ಮನೆಯ ಆಲ್ಬಮ್ಮುಗಳನ್ನೊಮ್ಮೆ ತೆರೆದು ನೋಡಬಹುದು. ಮದುವೆ, ಸೀಮಂತ, ನಾಮಕರಣ, ಗೃಹಪ್ರವೇಶ. ಶ್ರವಣಬೆಳಗೊಳದಲ್ಲಿ 1981, 1993, 2006, 2018ರಲ್ಲಿ ನಡೆದ ಮಹಾಮಸ್ತಕಾಭಿಷೇಕಗಳಲ್ಲಿ ಕಲಶ ಹಿಡಿದು ನಿಂತದ್ದು. ಮುನಿಸಂಘದ ಪುರಪ್ರವೇಶದ ದಿನ ಮುಂಚೂಣಿಯಲ್ಲಿ ನಡೆದದ್ದು. ಶಾಲು ಹೊದಿಸಿಕೊಂಡದ್ದು, ಶಾಲು ಹೊದಿಸಿದ್ದು. ಇವೆಲ್ಲ ಇರಬಾರದೆಂದು ಯಾರೂ ಹೇಳುವುದಿಲ್ಲ. ಆದರೆ ಈ ಆಲ್ಬಮ್ಮುಗಳನ್ನಷ್ಟೇ ಸಾಕ್ಷಿಯಾಗಿ ಇಟ್ಟುಕೊಂಡು ನೂರು ವರ್ಷದ ಮೇಲೆ ಒಬ್ಬ ವಿದ್ಯಾರ್ಥಿ ಕರ್ನಾಟಕದ ಜೈನರ ಬಗ್ಗೆ ಬರೆಯಹೊರಟರೆ ಏನು ಬರೆದಾನು? ಈ ಜನ ಸದಾ ರೇಷ್ಮೆಯಲ್ಲಿಯೇ ಇದ್ದರು, ಸಾಲಾಗಿಯೇ ನಿಲ್ಲುತ್ತಿದ್ದರು, ಮಾಡಿದ ಕೆಲಸವೆಂದರೆ ಸನ್ಮಾನ ಎಂದು ಬರೆದರೆ ಅವನದು ತಪ್ಪಲ್ಲ. ಧರ್ಮವನ್ನು ಗೃಹಸ್ಥನ ದಿನಚರಿಯಲ್ಲಿ, ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ ನೆಲೆಗೊಳಿಸಿದ ಸಮಾಜವೊಂದು ತನ್ನ ದಿನಚರಿಯ ಒಂದು ಚಿತ್ರವನ್ನೂ ಉಳಿಸಿಕೊಳ್ಳದೆ ಉತ್ಸವಗಳ ಚಿತ್ರವನ್ನು ಮಾತ್ರ ಉಳಿಸಿಕೊಂಡಿದೆ. ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡ ಸುಳ್ಳುಸಾಕ್ಷಿಯೆಂದರೆ ಇದೇ.

ಹಿಂದಿನವರಿಗೆ ಒಂದು ನ್ಯಾಯವಾದ ನೆಪವಿತ್ತು. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಮಾರಾಟಕ್ಕಿಟ್ಟ ಕೊಡಾಕ್ ಕ್ಯಾಮೆರಾಕ್ಕೆ 25 ಡಾಲರು ಬೆಲೆಯಿತ್ತು. ನೂರು ಚಿತ್ರ ತೆಗೆದಾದ ಮೇಲೆ ಕ್ಯಾಮೆರಾವನ್ನೇ ರೋಚೆಸ್ಟರಿನ ಕಾರ್ಖಾನೆಗೆ ಕಳುಹಿಸಬೇಕಾಗಿತ್ತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದಾಗ ಅಲ್ಲಿಯ ಸಾಮಾನ್ಯ ಕುಟುಂಬಗಳ ಅಂಗಳ, ನಾಯಿ, ಮಗು, ಅಡುಗೆಯ ಬಟ್ಟೆಯಲ್ಲಿದ್ದ ತಾಯಿ ಎಲ್ಲರೂ ಚಿತ್ರಕ್ಕೆ ಬಂದರು. ಇಲ್ಲಿ ಆ ಕಾಲ ಬಹಳ ತಡವಾಗಿ ಬಂತು. ಬಹುಕಾಲ ಛಾಯಾಚಿತ್ರವೆಂದರೆ ಪೇಟೆಯ ಸ್ಟುಡಿಯೋಕ್ಕೆ ಹೋಗಿ, ಬಣ್ಣ ಬಳಿದ ಪರದೆಯ ಮುಂದೆ, ಉಸಿರು ಬಿಗಿಹಿಡಿದು ನಿಲ್ಲುವ ಕ್ರಿಯೆ. ಮುಂದೆ ಅನುಕೂಲಸ್ಥರ ಮನೆಗಳಿಗೆ ಆಗ್ಫಾ ಕ್ಲಿಕ್ ತ್ರೀ ಬಂತು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಸುರುಳಿಗೆ ದುಡ್ಡು, ತೊಳೆಯಲು ದುಡ್ಡು, ಅಚ್ಚಿಗೆ ದುಡ್ಡು. ಹನ್ನೆರಡರಲ್ಲಿ ಒಂದನ್ನು ಅಕ್ಕಿ ಆರಿಸುವ ಅಜ್ಜಿಗೆ ವೆಚ್ಚಮಾಡಲು ಯಾವ ಯಜಮಾನನಿಗೆ ಮನಸ್ಸು ಬಂದೀತು? ಆ ಜಿಪುಣತನವನ್ನು ಇಂದು ಕುಳಿತು ದೂರುವುದು ಅನ್ಯಾಯ.

ಆದರೆ ಆ ನೆಪ ತೀರಿಹೋಗಿದೆ. ಇಂದು ಮನೆಮನೆಯಲ್ಲಿ, ಮನೆಯ ಪ್ರತಿಯೊಬ್ಬರ ಕೈಯಲ್ಲಿ ಕ್ಯಾಮೆರಾ ಇದೆ. ಒಂದು ಚಿತ್ರಕ್ಕೆ ಖರ್ಚಿಲ್ಲ. ಆದರೂ ಅಕ್ಕಿ ಆರಿಸುವ ಅಜ್ಜಿ ಚಿತ್ರಕ್ಕೆ ಬಂದಿಲ್ಲ. ಹಾಗಾದರೆ ತಡೆದದ್ದು ದುಡ್ಡಲ್ಲ. ದಿನನಿತ್ಯದ್ದು ನೋಡತಕ್ಕದ್ದಲ್ಲ, ಉಳಿಸತಕ್ಕದ್ದಲ್ಲ ಎಂಬ ಆಳವಾದ ತಾತ್ಸಾರವೇ ತಡೆಯಾಗಿ ನಿಂತಿದೆ.

ಈ ತಾತ್ಸಾರದಿಂದ ಯಾವುದು ಕಳೆದುಹೋಗುತ್ತಿದೆ ಎಂಬುದನ್ನು ವಿವರವಾಗಿಯೇ ಹೇಳಬೇಕಾಗಿದೆ. ನೀರನ್ನು ಸೋಸಿ ಕುಡಿಯಬೇಕೆಂಬುದನ್ನು ಶ್ರಾವಕಾಚಾರದ ಯಾವ ಪುಸ್ತಕವೂ ಹೇಳುತ್ತದೆ. ದಪ್ಪ ಬಟ್ಟೆಯನ್ನು ಎರಡು ಪದರವಾಗಿ ಮಡಿಸಬೇಕೆಂದೂ ಹೇಳುತ್ತದೆ. ಆದರೆ ಬಟ್ಟೆಯನ್ನು ಕೊಡದ ಬಾಯಿಗೆ ಎಷ್ಟು ಸಡಿಲವಾಗಿ ಇಳಿಬಿಡಬೇಕು, ನೀರು ಹೊಯ್ಯುವಾಗ ಎಡಗೈ ಎಲ್ಲಿರಬೇಕು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಸೋಸಿದ ನೀರಿನಿಂದಲೇ ಹೇಗೆ ಹಗುರವಾಗಿ ತೊಳೆದುಕೊಳ್ಳಬೇಕು, ಆ ನೀರನ್ನು ಎತ್ತರದಿಂದ ಸುರಿದುಬಿಡದೆ ಪಾತ್ರೆಯನ್ನು ಬಾವಿಯ ನೀರಿನ ಮಟ್ಟದವರೆಗೆ ಇಳಿಸಿ, ಬಂದ ಜೀವವನ್ನು ಬಂದ ಜಲಾಶಯಕ್ಕೇ ಹೇಗೆ ಮರಳಿಸಬೇಕು ಎಂಬುದು ಪುಸ್ತಕದ ವಿದ್ಯೆಯಲ್ಲ, ಕೈಯ ವಿದ್ಯೆ. ಅತ್ತೆ ಮಾಡಿದ್ದನ್ನು ಸೊಸೆ ನೋಡಿ ಕಲಿತದ್ದು. ಬಾವಿಗಳು ಮುಚ್ಚಿ ನಲ್ಲಿಗಳು ಬಂದವು, ನಲ್ಲಿಗೆ ಯಂತ್ರ ಕೂಡಿಕೊಂಡಿತು. ಬೆಂಗಳೂರಿನ ಬಹುಮಹಡಿ ಮನೆಯಲ್ಲಿ ಹುಟ್ಟಿ ಬೆಳೆದ ಮೊಮ್ಮಗಳಿಗೆ ನಿಯಮ ಗೊತ್ತಿದೆ; ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದಾಳೆ. ಕೈ ಹೇಗೆ ಆಡಬೇಕೆಂಬುದನ್ನು ಆಕೆ ಕಂಡೇ ಇಲ್ಲ.

ಸೌದೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಒಲೆಗೆ ಇಡುವ ಮುನ್ನ ಒಂದೊಂದು ಕಟ್ಟಿಗೆಯನ್ನೂ ನೆಲಕ್ಕೆ ಮೆಲ್ಲನೆ ತಟ್ಟಿ, ತೊಗಟೆಯ ಸಂದಿನಲ್ಲಿ ಹುಳುವೋ ಇರುವೆಯೋ ಇದ್ದರೆ ಹೊರಹೋಗಲು ಅವಕಾಶ ಕೊಟ್ಟು, ಆಮೇಲೆ ಉರಿಗೆ ಹಾಕುವ ಪದ್ಧತಿ ಜೈನ ಮನೆಗಳಲ್ಲಿತ್ತು. ಅಡುಗೆ ಅನಿಲ ಬಂದ ಮೇಲೆ ಆ ತಟ್ಟುವಿಕೆ ನಿಂತಿತು. ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ಬೀಸಿದ ಹಿಟ್ಟಿಗೆ ಮಳೆಗಾಲದಲ್ಲಿ ಮೂರು ದಿನ, ಬೇಸಗೆಯಲ್ಲಿ ಐದು ದಿನ, ಚಳಿಗಾಲದಲ್ಲಿ ಏಳು ದಿನ ಎಂಬ ಮಿತಿಯಿತ್ತು. ಆದ್ದರಿಂದ ಬೀಸುವ ಕಲ್ಲು ಮೂಲೆ ಸೇರಿದ ವಸ್ತುವಾಗಿರದೆ ದಿನದ ಸಂಗಾತಿಯಾಗಿತ್ತು. ಹಗಲಿನ ಬೆಳಕು ಸರಿಯಾಗಿ ಬೀಳುವ ಜಗಲಿಯ ಒಂದು ಜಾಗದಲ್ಲಿಯೇ ಮೊರ ಹಿಡಿದು ಕುಳಿತು ಕಾಳನ್ನು ಆರಿಸುತ್ತಿದ್ದರು. ದೀಪದ ಬೆಳಕಿನಲ್ಲಿ ಆ ಕೆಲಸ ಸಲ್ಲದು. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕಾದ ಮನೆಯಲ್ಲಿ ನಾಲ್ಕೂವರೆಯಿಂದಲೇ ಒಂದು ಅವಸರ ಇರುತ್ತಿತ್ತು. ಹೊಲದಿಂದ ಬರುವವರ ದಾರಿ ನೋಡುತ್ತ ಒಬ್ಬರು ಬಾಗಿಲಲ್ಲಿ, ಆಕಾಶ ನೋಡುತ್ತ ಒಬ್ಬರು ಅಂಗಳದಲ್ಲಿ. ಊಟವಾದ ಮೇಲೆ ಒಲೆಯನ್ನು ಸಾರಿಸಿ, ದೀಪದ ಸುತ್ತ ಪತಂಗಗಳು ಬೀಳದಂತೆ ಮರೆಮಾಡಿ, ಹಿರಿಯರೊಬ್ಬರು ನೋಂಪಿಯ ಕಥೆಯನ್ನು ಓದಿದರೆ ಉಳಿದವರು ಕೇಳುವ ಹೊತ್ತು.

ಅಹಿಂಸೆ ಎಂಬ ಮಹಾವಾಕ್ಯವನ್ನು ವೇದಿಕೆಗಳ ಮೇಲೆ ಸಾವಿರ ಸಲ ಉಚ್ಚರಿಸಿದವರ ಚಿತ್ರಗಳು ಸಾವಿರ ಇವೆ. ಅದನ್ನು ಪ್ರತಿದಿನ, ಯಾರೂ ನೋಡದಿದ್ದಾಗಲೂ, ನೀರಿನಲ್ಲಿ, ಹಿಟ್ಟಿನಲ್ಲಿ, ಸೌದೆಯಲ್ಲಿ ನಡೆಸಿದವರ ಚಿತ್ರವನ್ನು ಕೇಳಿದರೆ ಮನೆಯವರು ಗುರುತಿನ ಚೀಟಿಯನ್ನು ತೋರಿಸುತ್ತಾರೆ!

ಸಾಮಾನ್ಯರನ್ನು ದಾಖಲಿಸುವುದು ಈ ಸಮಾಜದ ಪರಂಪರೆಗೆ ಹೊರತಾದದ್ದೇನೂ ಅಲ್ಲ. ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನ ಎದುರಿಗೆ, ಪ್ರಾಕಾರದ ಹೊರಬಾಗಿಲಲ್ಲಿ ಗುಳ್ಳಕಾಯಜ್ಜಿಯ ವಿಗ್ರಹ ನಿಂತಿದೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯನ್ನು ಪೂರ್ಣವಾಗಿ ತೋಯಿಸದೆ ಹೋದಾಗ, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯಲ್ಲಿ ತಂದ ಹಾಲು ಅಡಿಯವರೆಗೂ ಹರಿಯಿತೆಂಬ ಐತಿಹ್ಯವನ್ನು ಅರಿಯದ ಕನ್ನಡಿಗರಿಲ್ಲ. ಆ ಐತಿಹ್ಯವನ್ನು ನಂಬಿದವರು ಆಕೆಯನ್ನು ಕಲ್ಲಿನಲ್ಲಿ ಕಡೆಸುವಾಗ ರಾಣಿಯ ವೇಷ ತೊಡಿಸಲಿಲ್ಲ. ಕೈಯಲ್ಲಿ ಆಕೆಯ ಗುಳ್ಳಕಾಯಿಯನ್ನೇ ಇಟ್ಟರು. ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ 500. 1973ರ ಆವೃತ್ತಿಯ ಹೊತ್ತಿಗೆ 573. ಇವುಗಳಲ್ಲಿ ಅರಸರ, ದಂಡನಾಯಕರ ಬರಹಗಳಿರುವಂತೆಯೇ ಯಾತ್ರಿಕರ ಬರಿಯ ಹೆಸರುಗಳಿವೆ, ವರ್ತಕರಿದ್ದಾರೆ, ವ್ರತ ನೋಂತು ದೇಹತ್ಯಾಗ ಮಾಡಿದ ಹೆಣ್ಣುಮಕ್ಕಳಿದ್ದಾರೆ. ಉಳಿ ಹಿಡಿದು ಬಂಡೆಯ ಮೇಲೆ ಹೆಸರು ಕೊರೆಸಲು ಬೇಕಾದ ಶ್ರಮವೆಷ್ಟು, ಬೆರಳಿನಿಂದ ಒಂದು ಗುಂಡಿಯನ್ನು ಒತ್ತಲು ಬೇಕಾದ ಶ್ರಮವೆಷ್ಟು! ಆ ಶ್ರಮವನ್ನು ಪಟ್ಟವರ ವಂಶಸ್ಥರು ಈ ಶ್ರಮಕ್ಕೂ ಒಪ್ಪದಿರುವುದು ವಿಪರ್ಯಾಸ.

ಇಲ್ಲಿ ಶಾಸ್ತ್ರಬಲ್ಲವರು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಛಾಯಾಚಿತ್ರವೂ ಒಂದು ಪರಿಗ್ರಹವಲ್ಲವೇ? ಕಳೆದುಹೋದ ಪರ್ಯಾಯವನ್ನು ಕಾಗದದ ಮೇಲೆ ಹಿಡಿದಿಟ್ಟುಕೊಳ್ಳುವುದು ಮೋಹವಲ್ಲವೇ? ಅನಿತ್ಯಭಾವನೆಯನ್ನು ಚಿಂತಿಸಬೇಕಾದವನಿಗೆ ಆಲ್ಬಮ್ ಏತಕ್ಕೆ? ಆಕ್ಷೇಪದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾತಿಗಳು ಪರಿಗ್ರಹವನ್ನು ಗುರುತಿಸಿದ್ದು ವಸ್ತುವಿನಲ್ಲಲ್ಲ, ವಸ್ತುವಿನ ಮೇಲಣ ಮಮತ್ವದಲ್ಲಿ. ಆ ಅಳತೆಗೋಲನ್ನು ಹಿಡಿದು ನೋಡಿದರೆ, ಮಮತ್ವ ಯಾವ ಚಿತ್ರದಲ್ಲಿ ಹೆಚ್ಚು? ‘ಇದು ನನ್ನ ಸಂಪತ್ತು, ಇದು ನನ್ನ ಬಳಗ, ಇವರು ನನಗೆ ಪರಿಚಿತರಾದ ಮಂತ್ರಿಗಳು’ ಎಂದು ಸಾರುವ ಮದುವೆಯ ಚಿತ್ರದಲ್ಲಿಯೋ, ಹರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಾಳು ಕೇರುವ ತಾಯಿಯ ಚಿತ್ರದಲ್ಲಿಯೋ? ಮೊದಲನೆಯದನ್ನು ನೋಡಿದಾಗ ಹುಟ್ಟುವುದು ಅಭಿಮಾನ. ಎರಡನೆಯದನ್ನು ನೋಡಿದಾಗ, ಆ ಕೈ ಈಗ ಇಲ್ಲವೆಂಬ ಅರಿವು ತಾನಾಗಿ ಹುಟ್ಟುತ್ತದೆ. ಅನಿತ್ಯಭಾವನೆಗೆ ಇದಕ್ಕಿಂತ ಒಳ್ಳೆಯ ಆಲಂಬನ ಗೃಹಸ್ಥನಿಗೆ ಸಿಕ್ಕುವುದು ಕಷ್ಟ. ಮೇಲಾಗಿ, ಪರಿಗ್ರಹದ ಈ ಪ್ರಶ್ನೆ ಮೂರು ಕ್ಯಾಮೆರಾ, ಎರಡು ವಿಡಿಯೋ, ಮೇಲೊಂದು ಹಾರುವ ಡ್ರೋನ್ ಗೊತ್ತುಪಡಿಸುವಾಗ ಯಾರ ಬಾಯಿಂದಲೂ ಬರುವುದಿಲ್ಲ. ಅಡುಗೆಮನೆಯ ಒಂದು ಚಿತ್ರಕ್ಕೆ ಮಾತ್ರ ಎದ್ದುನಿಲ್ಲುತ್ತದೆ!

ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಅದನ್ನು ಎತ್ತುವವರು ವಿರಳವಾದರೂ, ಎತ್ತಿದವರನ್ನು ತಳ್ಳಿಹಾಕಲಾಗದು. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಆಂಗ್ಲ ವೈದ್ಯನು ಬೆಳ್ಳಿಯ ಲವಣವನ್ನು ಜೆಲಟಿನ್‌ನಲ್ಲಿ ಬೆರೆಸಿ ಗಾಜಿನ ಮೇಲೆ ಲೇಪಿಸುವ ವಿಧಾನವನ್ನು ಪ್ರಕಟಿಸಿದನು. ಅಲ್ಲಿಂದ ಮುಂದೆ ಗಾಜಿನ ತಗಡು, ಫಿಲ್ಮು, ಅಚ್ಚಿನ ಕಾಗದ ಎಲ್ಲವೂ ಆ ದಾರಿಯನ್ನೇ ಹಿಡಿದವು. ಜೆಲಟಿನ್ ಎಂಬುದು ಪ್ರಾಣಿಗಳ, ಮುಖ್ಯವಾಗಿ ದನಗಳ, ಎಲುಬು ಮತ್ತು ತೊಗಲಿನಿಂದ ಬೇಯಿಸಿ ತೆಗೆದ ಅಂಟು. 1920ರ ದಶಕದಲ್ಲಿ ಕೊಡಾಕ್ ಕಂಪನಿಯ ಸಂಶೋಧಕರು ಫಿಲ್ಮಿನ ಬೆಳಕುಗ್ರಾಹಕ ಶಕ್ತಿ ಏಕೆ ಏರುಪೇರಾಗುತ್ತದೆಂದು ಹುಡುಕುತ್ತ ಹೋಗಿ, ಆ ದನಗಳು ಮೇಯುತ್ತಿದ್ದ ಸಾಸಿವೆ ಗಿಡದಲ್ಲಿನ ಗಂಧಕದ ಅಂಶವೇ ಕಾರಣವೆಂದು ಕಂಡುಹಿಡಿದರು. ಹಸು ಏನು ತಿಂದಿತ್ತೆಂಬುದು ಚಿತ್ರದ ಗುಣವನ್ನು ನಿರ್ಧರಿಸುವಷ್ಟು ಆ ಉದ್ಯಮ ಪ್ರಾಣಿಯ ದೇಹಕ್ಕೆ ಅಂಟಿಕೊಂಡಿತ್ತು. ಜೈನ ಮನೆಗಳ ಗೋಡೆಗಳ ಮೇಲೆ ತೂಗುವ ಹಿರಿಯರ ಹಳೆಯ ಚಿತ್ರಗಳೆಲ್ಲ, ಮುನಿಮಹಾರಾಜರ ಹಳೆಯ ಚಿತ್ರಗಳೂ ಸೇರಿ, ಇದೇ ಲೇಪದ ಮೇಲೆ ಮೂಡಿದವು. ಇದನ್ನು ಮುಚ್ಚಿಟ್ಟು ಛಾಯಾಚಿತ್ರವನ್ನು ಹೊಗಳುವುದು ಅಪ್ರಾಮಾಣಿಕವಾದೀತು.

ಆದರೆ ಈ ವಾದವನ್ನು ಅದರ ಕೊನೆಯವರೆಗೂ ನಡೆಸಬೇಕು. ಮೊಬೈಲಿನಲ್ಲಿ ಅಥವಾ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರ ತೆಗೆಯಲು ಜೆಲಟಿನ್ ಲೇಪದ ಫಿಲ್ಮು ಬೇಕಿಲ್ಲ. ಬೆಳಕನ್ನು ಹಿಡಿಯುವುದು ಸಿಲಿಕಾನ್ ತುಣುಕು. ಜೆಲಟಿನ್ ಮತ್ತೆ ಬರುವುದು ಅಚ್ಚಿನಲ್ಲಿ. ಇಂದಿಗೂ ಅನೇಕ ಬಣ್ಣದ ಲ್ಯಾಬುಗಳಲ್ಲಿ ಬಳಸುವ ಬೆಳ್ಳಿಲವಣದ ಕಾಗದಕ್ಕೆ ಆ ಲೇಪ ಇದ್ದೇ ಇರುತ್ತದೆ. ಹಾಗಾದರೆ ಹಿಂಸೆಯ ಭಾರ ಎಲ್ಲಿ ಹೆಚ್ಚು? ದಪ್ಪ ದಪ್ಪ ಹಾಳೆಗಳ, ಮಣಭಾರದ ಮದುವೆಯ ಆಲ್ಬಮ್ಮುಗಳಲ್ಲಿ. ವಧುವಿನ ಮನೆಗೊಂದು, ವರನ ಮನೆಗೊಂದು, ಸೋದರಮಾವನಿಗೊಂದು ಎಂದು ಅಚ್ಚುಹಾಕಿಸಿದ ಪ್ರತಿಗಳಲ್ಲಿ. ಮನೆಯ ದಿನನಿತ್ಯದ ಚಿತ್ರಗಳು ಬಹುಪಾಲು ಅಚ್ಚಾಗುವುದೇ ಇಲ್ಲ. ಅಚ್ಚಾಗಬೇಕಾದ ಹತ್ತಿಪ್ಪತ್ತನ್ನು ಸಾಧಾರಣ ದಪ್ಪ ಕಾಗದದ ಮೇಲೆ ಶಾಯಿಯಿಂದ ಮುದ್ರಿಸಿಕೊಳ್ಳಬಹುದು. ಶಾಯಿಯ ಮುದ್ರಣಕ್ಕೆಂದು ಬರುವ ಕೆಲವು ಹೊಳಪಿನ ಕಾಗದಗಳಲ್ಲಿಯೂ ಜೆಲಟಿನ್ ಇರುವುದರಿಂದ ಕೇಳಿ ಕೊಳ್ಳಬೇಕು. ಬೆಳ್ಳಿಯ ವರಕನ್ನು ತಯಾರಿಸುವ ರೀತಿಯನ್ನು ವಿಚಾರಿಸಿ ಸಿಹಿತಿಂಡಿಯನ್ನು ಬೇಡವೆಂದವರಿಗೆ, ಆಲ್ಬಮ್ಮಿನ ಕಾಗದ ಯಾವುದೆಂದು ಛಾಯಾಗ್ರಾಹಕನನ್ನು ಕೇಳುವುದು ದೊಡ್ಡ ಮಾತಲ್ಲ. ಜೆಲಟಿನ್ ಎಂಬ ಆಕ್ಷೇಪ ನಿಜವಾಗಿ ತಗಲುವುದು ಆಡಂಬರದ ಆಲ್ಬಮ್ಮಿಗೆ. ಹಳೆಯ ಚಿತ್ರಗಳ ಮಾತು ಬೇರೆ. ಆದ ಹಿಂಸೆ ಆಗಿಹೋಗಿದೆ, ಅವನ್ನು ಬಿಸಾಡುವುದರಿಂದ ಯಾವ ಜೀವವೂ ಮರಳುವುದಿಲ್ಲ.

ಮಾನಮರ್ಯಾದೆಯ ಪ್ರಶ್ನೆಯನ್ನು ಎತ್ತುವವರೂ ಇದ್ದಾರೆ. ಮನೆಯ ಒಳಗಿನದು ಒಳಗೇ ಇರಲಿ, ಹೆಣ್ಣುಮಕ್ಕಳು ಮನೆಯುಡುಗೆಯಲ್ಲಿರುವುದನ್ನು ಊರಿಗೆ ತೋರಿಸುವುದೇಕೆ ಎಂಬುದು ಅವರ ವಾದ. ತೆಗೆಯುವುದು ಬೇರೆ, ತೋರಿಸುವುದು ಬೇರೆ. ಇವೆರಡನ್ನೂ ಒಂದೇ ಎಂದು ಭಾವಿಸುವ ಅಭ್ಯಾಸ ಮೊಬೈಲು ಕಲಿಸಿದ ಅಭ್ಯಾಸ. ಉಂಡ ತಟ್ಟೆಯನ್ನು, ಅಳುವ ಮಗುವನ್ನು, ಮಲಗಿದ ರೋಗಿಯನ್ನು ಕ್ಷಣಾರ್ಧದಲ್ಲಿ ನೂರಾರು ಜನರಿಗೆ ಕಳುಹಿಸುವುದು ಕುಟುಂಬದ ದಾಖಲೆಯಲ್ಲ, ಕುಟುಂಬದ ಜಾಹೀರಾತು. ಒಪ್ಪಿಗೆ ಕೊಡಲಾರದ ಶಿಶುವಿನ ಸ್ನಾನದ ಚಿತ್ರವನ್ನು ಅಪರಿಚಿತರ ಮುಂದಿಡುವ ತಂದೆತಾಯಿಗಳಿಗೆ ಆ ಮಗು ದೊಡ್ಡದಾಗಿ ಕೇಳುವ ಪ್ರಶ್ನೆಗೆ ಉತ್ತರವಿರುವುದಿಲ್ಲ. ಒಳಗಿನ ಚಿತ್ರ ಒಳಗಿನವರಿಗೆ. ಅಜ್ಜಿ ಬೇಡವೆಂದರೆ ಬೇಡ. ಬೇಕೆಂದರೆ, ಆಕೆ ಕೆಲಸವನ್ನು ನಿಲ್ಲಿಸಿ ಸೆರಗು ಸರಿಪಡಿಸಿಕೊಳ್ಳಬೇಕಾದ ಅಗತ್ಯವಿಲ್ಲ.

‘ಮೊಬೈಲಿನಲ್ಲಿ ಈಗಾಗಲೇ ಸಾವಿರಾರು ಚಿತ್ರಗಳಿವೆಯಲ್ಲ’ ಎನ್ನುವವರು ಆ ಸಾವಿರವನ್ನು ಒಮ್ಮೆ ಎಣಿಸಿ ನೋಡಬೇಕು. ಹುಟ್ಟುಹಬ್ಬದ ಕೇಕು, ಪ್ರವಾಸದ ಬೆಟ್ಟ, ಹೋಟೆಲಿನ ತಿಂಡಿ, ಕೈ ನೀಡಿ ತೆಗೆದುಕೊಂಡ ತಮ್ಮದೇ ಮುಖ. ಮನೆಯ ಚಿತ್ರಗಳಿದ್ದರೆ ಅವುಗಳಲ್ಲಿ ತಾಯಿ ಇಲ್ಲ. ಮೊಬೈಲು ಹಿಡಿದವಳೇ ಅವಳು. ಹಿಂದೆ ಅಡುಗೆಮನೆಯಲ್ಲಿದ್ದ ಕಾರಣ ಚಿತ್ರದಿಂದ ಹೊರಗುಳಿದವಳು, ಈಗ ಚಿತ್ರ ತೆಗೆಯುವ ಕಾರಣ ಹೊರಗುಳಿದಿದ್ದಾಳೆ. ಹತ್ತು ವರ್ಷದ ಮಗನ ಕೈಗೆ ಆ ಉಪಕರಣವನ್ನು ಕೊಟ್ಟು ‘ಅಮ್ಮ ಏನು ಮಾಡುತ್ತಾಳೆಂದು ಒಂದು ದಿನ ತೆಗೆ’ ಎಂದು ಹೇಳಿದರೆ ಸಾಕು. ಮಗ ಅಂದು ಕಲಿಯುವುದು ಛಾಯಾಗ್ರಹಣವನ್ನು ಮಾತ್ರವಲ್ಲ.

ಇಂಥ ಚಿತ್ರಗಳಿಗೆ ಮಹತ್ತ್ವ ಬರುವುದೇ ಎಂದು ಸಂಶಯಪಡುವವರಿಗೆ ಭಾರತದಲ್ಲಿಯೇ ನಿದರ್ಶನಗಳಿವೆ. ಸಂಸ್ಕೃತ ವಿದ್ವಾಂಸರಾಗಿದ್ದ ಉಮ್ರಾವ್ ಸಿಂಗ್ ಶೇರ್‌ಗಿಲ್ (1870–1954) ವೃತ್ತಿಯ ಛಾಯಾಗ್ರಾಹಕರಲ್ಲ. ಸುಮಾರು ಅರುವತ್ತು ವರ್ಷಗಳ ಕಾಲ ತಮ್ಮನ್ನೂ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಮನೆಯೊಳಗೆ ಚಿತ್ರಿಸುತ್ತ ಹೋದರು. ಹಿರಿಯ ಮಗಳು ಚಿತ್ರಕಲಾವಿದೆ ಅಮೃತಾ. 1941ರಲ್ಲಿ ಇಪ್ಪತ್ತೆಂಟರ ಪ್ರಾಯದಲ್ಲಿಯೇ ತೀರಿಕೊಂಡರು. ತಂದೆ ತೆಗೆದ ಚಿತ್ರಗಳಿಲ್ಲದಿದ್ದರೆ ಆಕೆಯ ಬಾಲ್ಯವನ್ನು ಇಂದು ಯಾರೂ ಕಾಣಲಾಗುತ್ತಿರಲಿಲ್ಲ. ಅವುಗಳಲ್ಲಿ ಬಹಳಷ್ಟು ಭಂಗಿಯ ಚಿತ್ರಗಳೇ ಎಂಬುದೂ ನಿಜ; ಶ್ರೀಮಂತರ ಮನೆ, ಅಲಂಕಾರದ ಗೀಳು. ಆ ದೃಷ್ಟಿಯಿಂದ ಮೈಸೂರಿನ ಟಿ. ಎಸ್. ಸತ್ಯನ್ (1923–2009) ಕನ್ನಡಿಗರಿಗೆ ಹೆಚ್ಚು ಹತ್ತಿರದ ಆದರ್ಶ. ಗಣ್ಯರನ್ನು ಚಿತ್ರಿಸಲು ಅವಕಾಶಗಳಿದ್ದ ಪತ್ರಿಕಾ ಛಾಯಾಗ್ರಾಹಕರು ಅವರು. ಆದರೂ ಹೆಸರಾದದ್ದು ಆಡುವ ಮಕ್ಕಳಿಂದ, ದುಡಿಯುವ ಹೆಂಗಸರಿಂದ, ಜಗಲಿಯ ಮುದುಕರಿಂದ. ಅವರ ಚಿತ್ರಗಳಲ್ಲಿ ಜನ ಕ್ಯಾಮೆರಾವನ್ನು ಮರೆತಿರುತ್ತಾರೆ. ಮನೆಯವರನ್ನು ಮನೆಯವರೇ ತೆಗೆದರೆ ಆ ಮರೆವು ಇನ್ನೂ ಸುಲಭವಾಗಿ ಬರುತ್ತದೆ. ಆಗಂತುಕನೆದುರಿನ ಸಂಕೋಚ ಅಲ್ಲಿರುವುದಿಲ್ಲ.

ಇನ್ನು ಬಸದಿಗಳ ಆಡಳಿತ ಮಂಡಳಿಗಳ ಹೊಣೆಯ ಮಾತು. ಪ್ರತಿಯೊಂದು ಜೀರ್ಣೋದ್ಧಾರಕ್ಕೂ ಪ್ರತಿಯೊಂದು ಪಂಚಕಲ್ಯಾಣಕ್ಕೂ ಸ್ಮರಣ ಸಂಚಿಕೆ ಹೊರಬರುತ್ತದೆ. ಅದರ ಹೊಳಪಿನ ಪುಟಗಳಲ್ಲಿ ದಾನಿಗಳ ಭಾವಚಿತ್ರಗಳು ದಾನದ ಮೊತ್ತಕ್ಕೆ ತಕ್ಕ ಅಳತೆಯಲ್ಲಿ ಅಚ್ಚಾಗಿರುತ್ತವೆ. ಊರ ಹೊರಗಿನ ಫ್ಲೆಕ್ಸುಗಳಲ್ಲಿ ತೀರ್ಥಂಕರರ ಬಿಂಬಕ್ಕಿಂತ ಸ್ವಾಗತ ಸಮಿತಿಯವರ ಮುಖಗಳು ದೊಡ್ಡದಾಗಿರುವುದನ್ನು ಕಂಡು ನಕ್ಕವರಿದ್ದಾರೆ, ನೊಂದವರಿದ್ದಾರೆ. ಐವತ್ತು ವರ್ಷ ಬೆಳಗಿನ ಅಭಿಷೇಕವನ್ನು ತಪ್ಪಿಸದ ಇಂದ್ರರ ಅಥವಾ ಉಪಾಧ್ಯೆಯವರ ಮನೆಯ, ಅಷ್ಟದ್ರವ್ಯವನ್ನು ತೊಳೆದು ಅಣಿಮಾಡಿಕೊಡುತ್ತಿದ್ದ ಅವರ ಮನೆಯಾಕೆಯ ಒಂದು ಚಿತ್ರ ಆ ಸಂಚಿಕೆಗಳಲ್ಲಿ ಎಂದಾದರೂ ಬಂದಿದೆಯೇ? ಚೌಕದಲ್ಲಿ ಆಹಾರದಾನಕ್ಕೆ ಮುಂಜಾನೆಯಿಂದ ದುಡಿದವರು ಯಾರು? ಸಂಚಿಕೆಯಲ್ಲಿರುವುದು ಕೊನೆಯ ಗಳಿಗೆಯಲ್ಲಿ ಬಂದು ಪಾತ್ರೆಗೆ ಕೈ ಹಚ್ಚಿದವರು. ಇದು ಅಜ್ಞಾನದಿಂದ ಆದದ್ದೆಂದು ಹೇಳಲು ಬರುವುದಿಲ್ಲ. ಪುಟಗಳಿಗೆ ಬೆಲೆ ಕಟ್ಟಿದ ಮೇಲೆ ಬೆಲೆ ಕೊಟ್ಟವರೇ ಪುಟದಲ್ಲಿರುತ್ತಾರೆ.

ಮಂಡಳಿಗಳು ಮಾಡಬಹುದಾದ ಕೆಲಸ ದುಬಾರಿಯದಲ್ಲ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಕಟ್ಟಿಡುವ ಪದ್ಧತಿ ಎಲ್ಲ ಕಡೆಯೂ ಇದೆ. ಛಾಯಾಚಿತ್ರ ಶ್ರುತಕ್ಕೆ ಸಮಾನವೆಂದು ಹೇಳುವ ಅವಿವೇಕವನ್ನು ಯಾರೂ ಮಾಡಬೇಕಾಗಿಲ್ಲ. ಆದರೆ ಪೂಜೆ ಮುಗಿದ ಮಧ್ಯಾಹ್ನ ಬಸದಿಯ ಸಭಾಭವನದಲ್ಲಿ ಒಂದು ಮೇಜನ್ನು ಹಾಕಿ, ಶ್ರಾವಕ ಕುಟುಂಬಗಳು ತಮ್ಮ ಹಳೆಯ ಆಲ್ಬಮ್ಮುಗಳನ್ನು ತರುವಂತೆ ಕೇಳಿಕೊಂಡರೆ ತಪ್ಪಿಲ್ಲ. ಎಂಬತ್ತು ದಾಟಿದವರು ಆ ದಿನ ಹೇಗೂ ಬಸದಿಗೆ ಬರುತ್ತಾರೆ. ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾವ ವರ್ಷ, ಕೈಯಲ್ಲಿ ಹಿಡಿದ ಆ ಪಾತ್ರೆಗೆ ಆಗ ಏನನ್ನುತ್ತಿದ್ದರು ಎಂಬುದನ್ನು ಹೇಳಬಲ್ಲವರು ಅವರೊಬ್ಬರೇ. ಅವರು ಹೋದ ಮೇಲೆ ಆಲ್ಬಮ್ ಉಳಿದರೂ ಅದು ಅಪರಿಚಿತರ ಆಲ್ಬಮ್.

ತಡಮಾಡುವಂತಿಲ್ಲ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲ ಛಾಯಾಚಿತ್ರಗಳ ವೈರಿ. ಜೆಲಟಿನ್ ಲೇಪವನ್ನು ಬೂಷ್ಟು ತಿನ್ನುತ್ತದೆ. 1970–80ರ ದಶಕಗಳ ಬಣ್ಣದ ಚಿತ್ರಗಳು ಕೆಂಪಡರಿ ಮಾಸುತ್ತಿವೆ. ಅವಕ್ಕಿಂತ ಹಿಂದಿನ ಕಪ್ಪುಬಿಳುಪು ಚಿತ್ರಗಳೇ ಗಟ್ಟಿ. ಅಂಟಿನ ಹಾಳೆಯ ಮೇಲೆ ಪ್ಲಾಸ್ಟಿಕ್ ಮುಚ್ಚುವ ಆಲ್ಬಮ್ಮುಗಳಿಂದ ಚಿತ್ರಗಳನ್ನು ಜೋಪಾನವಾಗಿ ಬಿಡಿಸಿಕೊಳ್ಳಬೇಕು. ಅಂಟು ಹಿಂಬದಿಯಿಂದ ಅವನ್ನು ಕೆಡಿಸುತ್ತದೆ. ಮೊಬೈಲಿನ ಚಿತ್ರಗಳ ಆಯುಷ್ಯ ಇನ್ನೂ ಕಡಿಮೆ; ಅದು ನೀರಿಗೆ ಬಿದ್ದ ದಿನ ಐದು ವರ್ಷದ ಮನೆ ಮುಳುಗಿತು. ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಗೆ ಒಂದೇ ಪ್ರತಿಯ ಅಪಾಯ ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು. ಮನೆಯಲ್ಲಿ ಒಂದು, ಮಗಳ ಮನೆಯಲ್ಲಿ ಒಂದು, ಒಪ್ಪಿಗೆಯಿದ್ದರೆ ಬಸದಿಯ ಗ್ರಂಥಭಂಡಾರದಲ್ಲಿ ಒಂದು ಪ್ರತಿಯಿದ್ದರೆ ಸಾಕು. ಮುಂದಿನ ಸ್ಮರಣ ಸಂಚಿಕೆಯಿಂದ ಎರಡು ಬಣ್ಣದ ಪುಟಗಳನ್ನು ಕಡಿಮೆ ಮಾಡಿದರೆ ಅದರ ಖರ್ಚು ಹೊರಟುಹೋಗುತ್ತದೆ. ಆ ಪುಟಗಳಿಗೆ ಹೆಸರು ಕೊಟ್ಟಿರುವ ದಾನಿಗಳು ಒಪ್ಪದಿದ್ದರೆ, ಅವರವರ ತಾಯಿಯ ಒಂದು ಚಿತ್ರವನ್ನು ತರಲು ಹೇಳಿ, ಮೊರದ ಮುಂದೆ ಕುಳಿತದ್ದೋ, ಬಾವಿಯ ಬಳಿ ನಿಂತದ್ದೋ, ಅದನ್ನೇ ಅಚ್ಚುಹಾಕಬಹುದು. ಚಿತ್ರದ ಹಿಂಬದಿಯಲ್ಲಿ ಹೆಸರು ಬರೆಯುವಾಗ ಮಾತ್ರ ಶಾಯಿಯ ಪೆನ್ನು ಬೇಡ. ಮೆತ್ತನೆಯ ಸೀಸದಕಡ್ಡಿಯಿಂದ, ಒತ್ತದೆ, ಅಂಚಿನಲ್ಲಿ ಬರೆಯಬೇಕು. ಮತ್ತು ‘ಶ್ರೀಮತಿ’ ಎಂದು ಗಂಡನ ಹೆಸರನ್ನು ಬರೆದು ನಿಲ್ಲಿಸದೆ, ಆಕೆಯ ಹೆಸರನ್ನು ಬರೆಯಬೇಕು.